ಪಕ್ಕದ ಹೊಲದವರ ರೋಟವೇಟರ್ ಕೇಳಿ ತರಬಹುದಾ?

ಪ್ರಶ್ನೆ: ಸರ್, ನಮ್ಮದು ಸಿಂಧನೂರು ತಾಲ್ಲೂಕು. ಒಟ್ಟು ಆರು ಎಕರೆ ಇದೆ. ಎರಡು ಎಕರೆ ಕಾಲುವೆ ಕೆಳಗಿನ ಗದ್ದೆ, ಉಳಿದದ್ದು ಎರೆ ಹೊಲ. ಅದರಲ್ಲಿ ಹತ್ತಿ, ತೊಗರಿ, ಹಿಂಗಾರಿಗೆ ಕಡಲೆ ಹಾಕುತ್ತೇವೆ. ಹೋದ ವರ್ಷ 39 ಎಚ್‌ಪಿಯ ಹಳೇ ಟ್ರ್ಯಾಕ್ಟರ್ ತಗೊಂಡೆ. ಮಣ್ಣು ಪುಡಿ ಮಾಡುವ ರೋಟವೇಟರ್, ಬೀಜ ಬಿತ್ತುವ ಕೂರಿಗೆ, ಔಷಧಿ ಹೊಡೆಯುವ ಪಂಪು ಯಾವುದೂ ಇಲ್ಲ. ಪಕ್ಕದ ಹೊಲದ ಅಣ್ಣನ ಹತ್ತಿರ ಎಲ್ಲಾ ಇವೆ. "ತಗೊಂಡು ಹೋಗು ತಮ್ಮಾ, ಬಾಡಿಗೆ ಯಾಕೆ ಕೊಡ್ತಿ" ಅಂತಾರೆ. ಮನೆಯವಳು ಬೇಡವೇ ಬೇಡ ಅಂತಾಳೆ. ಏನಾದರೂ ಮುರಿದರೆ ಮಾತು ಬಿಡಬೇಕಾಗುತ್ತೆ ಅನ್ನೋದು ಅವಳ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಮನೆಯವರ ಭಯ ಸರಿಯಾಗಿದೆ. ಅಣ್ಣನ ಮನಸ್ಸೂ ದೊಡ್ಡದು, ಅದನ್ನು ತಳ್ಳಿಹಾಕಬೇಡಿ. ಆದರೆ ಮೂರೂ ಸಾಮಾನನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ. ರೋಟವೇಟರ್ ತರಬೇಡಿ, ಅದರ ಕೆಲಸವನ್ನು ಕೇಳಿ. ಕೂರಿಗೆ ತನ್ನಿ. ಪಂಪು ಮಾತ್ರ ಬೇರೆ ದಾರಿ ಇರುವ ತನಕ ತರಬೇಡಿ.

ಮೊದಲು ಪಂಪಿನ ವಿಷಯ ಹೇಳುತ್ತೇನೆ, ಯಾಕಂದರೆ ಜನ ಇದನ್ನೇ ಸಣ್ಣದು ಅಂದುಕೊಳ್ಳುತ್ತಾರೆ. ರೋಟವೇಟರ್ ಕೇಳೋಕೆ ನಾಲ್ಕು ಸಲ ಯೋಚನೆ ಮಾಡುವವರು ಪಂಪನ್ನು ಸುಮ್ನೆ ಎತ್ತಿಕೊಂಡು ಬರುತ್ತಾರೆ. ನಿಮ್ಮ ಕಡೆ ಗದ್ದೆಯೂ ಇದೆ, ಹತ್ತಿಯೂ ಇದೆ. ಗದ್ದೆಯ ಅಗಲ ಎಲೆ ಕಳೆಗೆ 2,4-ಡಿ ಅನ್ನೋ ಕಳೆನಾಶಕ ಹೊಡೆಯುತ್ತಾರೆ ಅಲ್ವಾ? ಭತ್ತ ಹುಲ್ಲಿನ ಜಾತಿ, ಅದು ತಡೆದುಕೊಳ್ಳುತ್ತದೆ. ಹತ್ತಿ ಹಾಗಲ್ಲ. ಪಂಪಿನ ತಳದಲ್ಲಿ, ಪೈಪಿನಲ್ಲಿ, ನಾಝಲಿನ ಜಾಲರಿಯಲ್ಲಿ ಉಳಿದ ಚೂರು 2,4-ಡಿ ಸಾಕು. ನೀವು ಹುಳದ ಔಷಧಿ ಹೊಡೆದೆ ಅಂದುಕೊಂಡಿರುತ್ತೀರಿ. ಸ್ವಲ್ಪ ದಿನಕ್ಕೆ ಹೊಸ ಎಲೆಗಳು ಕಿರಿದಾಗಿ, ಕೈಬೆರಳು ಚಾಚಿದ ಹಾಗೆ ಸೀಳಿಕೊಂಡು ಬರುತ್ತವೆ, ಮೊಗ್ಗು ಉದುರುತ್ತದೆ. ಅದಕ್ಕೆ ಮದ್ದಿಲ್ಲ. ಬಹಳ ಜನ ಅದನ್ನು ರೋಗ ಅಂದುಕೊಂಡು ಅಂಗಡಿಗೆ ಹೋಗಿ ಇನ್ನೊಂದು ಔಷಧಿ ತರುತ್ತಾರೆ. ನಮ್ಮ ತಂದೆ ಸಿರುಗುಪ್ಪದ ಕಡೆ ಲಾವಣಿಗೆ (ಗುತ್ತಿಗೆಗೆ) ಹೊಲ ಮಾಡಿದ್ದಾಗ ಹೀಗೇ ಪಕ್ಕದವರ ಪಂಪು ತಂದು ಒಂದೂವರೆ ಎಕರೆ ಹತ್ತಿ ಕಳೆದುಕೊಂಡರು. ಪಂಪು ಕೊಟ್ಟವರು ಒಳ್ಳೆಯವರೇ, ತಪ್ಪು ಅವರದ್ದಲ್ಲ. ಅದರಲ್ಲಿ ಏನು ಹೊಡೆದಿದ್ದರು ಅಂತ ಕೇಳದೆ ತಂದಿದ್ದು, ತೊಳೆಯದೆ ತುಂಬಿದ್ದು ನಮ್ಮದೇ ತಪ್ಪು. ಆ ಸಾಲುಗಳು ನನಗೆ ಈಗಲೂ ಕಣ್ಣಮುಂದೆ ಬರುತ್ತವೆ.

ಮೆಣಸಿನಕಾಯಿ, ತೊಗರಿ, ಕಡಲೆ, ಟೊಮೆಟೊ ಎಲ್ಲಕ್ಕೂ ಇದೇ ಅಪಾಯ. ಹಾಗಾಗಿ ಪಂಪು ಸ್ವಂತದ್ದೇ ಇರಲಿ. ಸಾಧ್ಯವಾದರೆ ಎರಡು ಇರಲಿ, ಕಳೆನಾಶಕಕ್ಕೆ ಒಂದು, ಹುಳ ಮತ್ತು ರೋಗದ ಔಷಧಿಗೆ ಇನ್ನೊಂದು. ಕಳೆಯ ಪಂಪಿಗೆ ಕೆಂಪು ಬಣ್ಣ ಬಳಿದು ಬಿಡಿ, ಮನೆಯ ಹುಡುಗರಿಗೂ ಗೊತ್ತಾಗುತ್ತದೆ. ನಾಳೆ ಬೆಳಿಗ್ಗೆ ಹೊಡೆಯಲೇಬೇಕು, ಬೇರೆ ದಾರಿಯೇ ಇಲ್ಲ ಅಂತಾದರೆ ಮೊದಲು ಅಣ್ಣನಿಗೆ ಇದರಲ್ಲಿ ಕೊನೆಗೆ ಏನು ಹೊಡೆದಿದ್ದೆ ಅಂತ ಕೇಳಿ. ಕಳೆನಾಶಕ ಅಂದರೆ ಅಲ್ಲಿಗೆ ಬಿಡಿ. ಹುಳದ ಔಷಧಿ ಅಂದರೂ ಮೂರು ಸಲ ನೀರಿನಲ್ಲಿ ತೊಳೆದು, ಬಟ್ಟೆ ಸೋಡಾ ಕಲಸಿದ ನೀರು ತುಂಬಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನಾಝಲ್ ಬಿಚ್ಚಿ ಮತ್ತೆ ತೊಳೆಯಿರಿ. ಆ ನೀರನ್ನು ಕಾಲುವೆಗೆ ಚೆಲ್ಲಬೇಡಿ.

ಇನ್ನು ರೋಟವೇಟರ್. ಅಣ್ಣನದ್ದು ಎಷ್ಟು ಅಡಿಯದು ಅಂತ ನೀವು ಬರೆದಿಲ್ಲ. ಐದು ಅಡಿಯದಕ್ಕೆ ಸುಮಾರು 35ರಿಂದ 40 ಎಚ್‌ಪಿ ಬೇಕು, ಆರು ಅಡಿಯದಕ್ಕೆ 45ರಿಂದ 50. ಏಳು ಅಡಿಯದಾದರೆ 55ರ ಮೇಲಿನ ಗಾಡಿಯೇ ಬೇಕು. ನಿಮ್ಮದು 39, ಅದೂ ಹಳೇದು. ಆರು ಅಡಿಯದನ್ನು ಎರೆ ಹೊಲದಲ್ಲಿ ಹಾಕಿ ಎಳೆದರೆ ಎಂಜಿನ್ ಹೊಗೆ ಕಾರುತ್ತೆ, ಕ್ಲಚ್ ಸುಡುತ್ತೆ. ಅವರ ಸಾಮಾನಿಗೆ ಏನೂ ಆಗದೆ ನಿಮ್ಮ ಟ್ರ್ಯಾಕ್ಟರ್ ಶೆಡ್ಡಿಗೆ ಹೋಗುತ್ತೆ. ಅಳತೆ ಹೊಂದಿದರೂ ಬ್ಲೇಡು ಸವೆಯೋದು, ಗೇರ್ ಬಾಕ್ಸಿನ ಆಯಿಲ್ ಸೋರೋದು ಇದ್ದದ್ದೇ. ನಿಮ್ಮ ಹೊಲಕ್ಕೆ ಬರುವ ಮೊದಲೇ ಅರ್ಧ ಸವೆದಿದ್ದ ಬ್ಲೇಡು ನಿಮ್ಮ ಹೊಲದಲ್ಲಿ ಮುರಿದರೆ ಯಾರ ಲೆಕ್ಕಕ್ಕೆ? ಜಗಳ ಶುರುವಾಗೋದು ಇಲ್ಲಿ. ಬ್ಲೇಡಿಗೆ ಎಷ್ಟಾಗುತ್ತೆ ಅನ್ನೋದು ಮುಖ್ಯ ಅಲ್ಲ, ಯಾರೂ ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಅದು.

ಅದಕ್ಕೇ ಹೇಳಿದ್ದು, ಕೆಲಸ ಕೇಳಿ ಅಂತ. "ಅಣ್ಣಾ, ರೋಟವೇಟರ್ ಕೊಡು" ಅನ್ನಬೇಡಿ. "ಅಣ್ಣಾ, ಎರಡು ಎಕರೆ ಹೊಡೆದುಕೊಡು, ಊರಲ್ಲಿ ಗಂಟೆಗೆ ಏನು ನಡೆಯುತ್ತೋ ಅಷ್ಟು ಕೊಡ್ತೀನಿ" ಅನ್ನಿ. ಅವರ ಗಾಡಿ, ಅವರ ಕೈ, ಅವರ ಸಾಮಾನು. ಎಷ್ಟು ಆಳಕ್ಕೆ ಇಳಿಸಬೇಕು, ಎಲ್ಲಿ ಕಲ್ಲಿದೆ ಅಂತ ನೋಡಿಕೊಂಡು ಓಡಿಸುತ್ತಾರೆ. ದುಡ್ಡು ಬೇಡ ಅಂದರೆ ಡೀಸೆಲ್ ಹಾಕಿಸಿ. ಅದಕ್ಕೂ ಒಪ್ಪದಿದ್ದರೆ ಮುಯ್ಯಿ ತೀರಿಸಿ. ಅವರ ರಾಶಿ ದಿನ ನಿಮ್ಮ ಟ್ರ್ಯಾಕ್ಟರ್ ಮತ್ತು ಟ್ರಾಲಿ ಹೋಗಿ ನಿಲ್ಲಲಿ. ಮುಯ್ಯಾಳು ನಮ್ಮವರಿಗೆ ಹೊಸದಲ್ಲ, ಯಂತ್ರ ಬಂದ ಮೇಲೆ ಅದನ್ನು ಮರೆತಿದ್ದೇವೆ ಅಷ್ಟೆ.

ಒಂದು ಸಮಸ್ಯೆ ಮಾತ್ರ ಉಳಿಯುತ್ತದೆ, ಹದ. ಮಳೆ ನಿಂತು ಹೊಲ ಹದಕ್ಕೆ ಬಂದ ದಿನ ಅಣ್ಣನೂ ತನ್ನ ಹೊಲದಲ್ಲೇ ಇರುತ್ತಾನೆ. ಕಾಲುವೆಗೆ ನೀರು ಬಿಟ್ಟಾಗಲೂ ಹಾಗೇ, ಇಡೀ ಊರು ಒಟ್ಟಿಗೆ ಗದ್ದೆಗೆ ಇಳಿಯುತ್ತದೆ. ಅವರದ್ದು ಮುಗಿದ ಮೇಲೆ ನಿಮ್ಮದು. ಅಷ್ಟರಲ್ಲಿ ಹಸಿ ಆರಿ ಹೋದರೆ ಬೀಜ ಒಣ ಮಣ್ಣಿಗೆ ಬೀಳುತ್ತೆ. ಪುಕ್ಕಟೆ ಸಿಕ್ಕ ಸಾಮಾನಿಗಾಗಿ ನಾಲ್ಕು ದಿನ ಕಾದು ಬೆಳೆ ಕಮ್ಮಿ ಮಾಡಿಕೊಳ್ಳೋದು ಬಾಡಿಗೆಗಿಂತ ದುಬಾರಿ. ಆದ್ದರಿಂದ ಎರಡನೇ ದಾರಿ ಮೊದಲೇ ನೋಡಿಟ್ಟುಕೊಳ್ಳಿ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಉಪಕರಣ ಬಾಡಿಗೆಗೆ ಸಿಗುತ್ತವೆ. ಹಂಗಾಮು ಶುರುವಾದ ಮೇಲೆ ಹೋದರೆ ಸಾಲು ಇರುತ್ತೆ, 15 ದಿನ ಮೊದಲೇ ಹೆಸರು ಬರೆಸಿ. ಹಾಗೇ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ಸಹಾಯಧನ ಕೇಳಿ ನೋಡಿ.

ಕೂರಿಗೆ ತರಬಹುದು ಅಂದೆ. ಅದರಲ್ಲಿ ಮುರಿಯೋದು ಕಮ್ಮಿ, ಮುರಿದರೂ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಸರಿಹೋಗುತ್ತೆ. ಆದರೆ ಅವರ ಬೆಳೆಗೆ ಹೊಂದಿಸಿದ್ದು ನಿಮ್ಮ ಬೆಳೆಗೆ ಆಗಲ್ಲ. ಕಡಲೆಗೆ ಸಾಲಿನಿಂದ ಸಾಲಿಗೆ ಒಂದು ಅಡಿ, ತೊಗರಿಗೆ ಮೂರು ಅಡಿ ಅಥವಾ ಜಾಸ್ತಿ. ಪೆಟ್ಟಿಗೆಯಲ್ಲಿ ಅವರ ಬೀಜ ಉಳಿದಿದ್ದರೆ ಕೊಡವಿ ತೆಗೆಯಿರಿ. ಬಿತ್ತುವ ಮೊದಲು ಅಂಗಳದಲ್ಲೇ ಒಂದು ಲೆಕ್ಕ ಮಾಡಿ. ಬೀಜ ಬೀಳಿಸುವ ಗಾಲಿಯ ಸುತ್ತಳತೆ 4 ಅಡಿ, ಕೂರಿಗೆ ಬಿತ್ತುವ ಅಗಲ 6 ಅಡಿ ಅಂತ ಇಟ್ಟುಕೊಳ್ಳಿ. ಕೂರಿಗೆ ಎತ್ತಿ ನಿಲ್ಲಿಸಿ ಗಾಲಿಯನ್ನು ಕೈಯಲ್ಲಿ 10 ಸುತ್ತು ತಿರುಗಿಸಿದರೆ 240 ಚದರ ಅಡಿಗೆ ಬೀಳುವಷ್ಟು ಬೀಜ ಕೆಳಗೆ ಬೀಳುತ್ತೆ. ಎಕರೆ ಅಂದರೆ 43,560 ಚದರ ಅಡಿ. ಅದು 240ರ ಸುಮಾರು 181 ಪಟ್ಟು, ಹಾಗಾಗಿ ಬಿದ್ದ ಬೀಜವನ್ನು ತೂಗಿ 181ರಿಂದ ಗುಣಿಸಿ. ಎಕರೆಗೆ 25 ಕೆಜಿ ಕಡಲೆ ಬೀಳಬೇಕು ಅಂದರೆ ಆ 10 ಸುತ್ತಿಗೆ ಸುಮಾರು 138 ಗ್ರಾಂ ಬರಬೇಕು. ಅರ್ಧ ಗಂಟೆಯ ಕೆಲಸ, ದಯವಿಟ್ಟು ಬಿಡಬೇಡಿ.

ತಂದ ದಿನವೇ ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದು ಅಣ್ಣನಿಗೇ ಕಳಿಸಿ. ಕೊಡುವಾಗ ತೊಳೆದು ಕೊಡಿ. ತರುವಾಗಲೂ ಮಣ್ಣು ಕೆರೆದು ತನ್ನಿ. ಅವರ ಹೊಲದ ಜೇಕು ಕಳೆಯ ಗಡ್ಡೆ, ತೊಗರಿ ನೆಟೆ ರೋಗದ ಮಣ್ಣು ನಿಮ್ಮ ಹೊಲಕ್ಕೆ ಬರೋದು ಹೀಗೇ.

ಪ್ರಶ್ನೆ: ನಾನು ಕಾರಟಗಿ ಕಡೆಯವನು, ಕೊಡುವ ಜಾಗದಲ್ಲಿ ಇದ್ದೀನಿ. ಟ್ರ್ಯಾಕ್ಟರ್ ಕೇಳಿದರೆ ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಹೋದ ಸಲ ಕೊಟ್ಟಿದ್ದು ಮಡ್‌ಗಾರ್ಡ್ ಬಗ್ಗಿ ವಾಪಸ್ ಬಂತು.

ಉತ್ತರ: ಬಗ್ಗಿದ ಮಡ್‌ಗಾರ್ಡ್ ಬಿಡಿ. ಅದರ ಮೇಲೆ ಯಾರು ಕೂತಿದ್ದರು ಅಂತ ಯೋಚಿಸಿ. ಟ್ರ್ಯಾಕ್ಟರಿಗೆ ಇರೋದು ಒಂದೇ ಸೀಟು, ಡ್ರೈವರಿನದು. ಲೈಸೆನ್ಸ್ ಇಲ್ಲದ ಹುಡುಗ ಓಡಿಸಿ ಅಪಘಾತವಾದರೆ ಕೇಸು ಮಾಲೀಕರಾದ ನಿಮ್ಮ ಮೇಲೂ ಬರುತ್ತದೆ. ವಿಮಾ ಕಂಪನಿ ಪರಿಹಾರ ಕಟ್ಟಿದರೂ ಆ ದುಡ್ಡನ್ನು ನಿಮ್ಮಿಂದ ವಸೂಲಿ ಮಾಡಬಹುದು. ಅದಕ್ಕೆ ಗಾಡಿ ಕೊಡಲ್ಲ, ನಾನೇ ಬಂದು ಹೊಡೆದುಕೊಡ್ತೀನಿ ಅಂತ ನೇರವಾಗಿ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಇನ್ನೊಂದು. ಟ್ರ್ಯಾಕ್ಟರಿನ ಹಿಂದೆ ಉಪಕರಣಗಳನ್ನು ತಿರುಗಿಸುವ ಪಿಟಿಓ ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತೆ. ಲುಂಗಿಯ ತುದಿ, ಟವೆಲ್ಲು, ಸೀರೆ ಸೆರಗು ಸಿಕ್ಕರೆ ಎಳೆದುಕೊಳ್ಳೋಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆ ಶಾಫ್ಟಿನ ಮೇಲಿನ ಕವರ್ ಒಡೆದಿದ್ದರೆ ಹೊಸದು ಹಾಕಿಸುವ ತನಕ ಯಾರಿಗೂ ಕೊಡಬೇಡಿ, ನೀವೂ ಓಡಿಸಬೇಡಿ.