‘ಕ್ಯಾಸನೋವಾ’ ಧಾರಾವಾಹಿಯಲ್ಲಿ ನಿಜವೆಷ್ಟು?

ಹದಿನೆಂಟನೇ ಶತಮಾನದ ವೆನಿಸ್‌ನ ಸಾಹಸಿ, ಪ್ರಣಯಗಳಿಗೆ ಹೆಸರಾದ ಕ್ಯಾಸನೋವಾನ ಬದುಕನ್ನು ಆಧರಿಸಿದ ಬಿಬಿಸಿಯ 2005ರ ‘ಕ್ಯಾಸನೋವಾ’ದಲ್ಲಿ ಬರುವ ಸೆರೆಮನೆಯ ಪಲಾಯನ, ಹೆನ್ರಿಯೆಟ್‌ಳ ಪ್ರೇಮ ಎರಡೂ ನಿಜವೇ ಎಂದು ಕೇಳಿದ್ದೀರಿ. ಪಲಾಯನ ನಿಜ. 1756ರಲ್ಲಿ ವೆನಿಸ್‌ನ ಡೋಜ್ (ಅಲ್ಲಿನ ಆಡಳಿತ ಮುಖ್ಯಸ್ಥ) ಅರಮನೆಯ ಸೀಸದ ಸೂರಿನಡಿಯ ಸೆರೆಕೋಣೆಯಿಂದ, ಬೇರೆ ಕೋಣೆಯಲ್ಲಿ ಕೈದಿಯಾಗಿದ್ದ ಬಾಲ್ಬಿ ಎಂಬ ಪಾದ್ರಿಯೊಡನೆ ಕ್ಯಾಸನೋವಾ ತಪ್ಪಿಸಿಕೊಂಡ. ಆತ್ಮಕಥೆಯಲ್ಲಿ ಅವನೇ ಹೇಳಿರುವಂತೆ, ಕಬ್ಬಿಣದ ಚೂಪು ಸಲಾಕೆಯನ್ನು ದೊಡ್ಡ ಬೈಬಲ್ಲಿನೊಳಗೆ ಅಡಗಿಸಿ, ಮೇಲೆ ಬೆಣ್ಣೆ ತುಳುಕುವ ಮ್ಯಾಕರೋನಿ ತಟ್ಟೆಯಿಟ್ಟು, ಕಾವಲುಗಾರನ ಕೈಯಲ್ಲೇ ಬಾಲ್ಬಿಗೆ ಕಳುಹಿಸಿದ. ಬೆಣ್ಣೆ ಚೆಲ್ಲದಂತೆ ನೋಡಿಕೊಳ್ಳುವ ಭರದಲ್ಲಿ ಕಾವಲುಗಾರನ ಕಣ್ಣು ಪುಸ್ತಕದ ಮೇಲೆ ಬೀಳಬಾರದು, ಅದೇ ಉಪಾಯ. ಎಂಥ ತಲೆ!

ಹೆನ್ರಿಯೆಟ್ ವಿಷಯದಲ್ಲಿ ಮಾತ್ರ ಧಾರಾವಾಹಿ ಬಹಳ ಸ್ವಾತಂತ್ರ್ಯ ವಹಿಸಿದೆ. ಆತ್ಮಕಥೆಯ ಪ್ರಕಾರ ಅವರು ಜೊತೆಗಿದ್ದದ್ದು ಕೆಲವೇ ತಿಂಗಳು. ಜಿನೀವಾದಲ್ಲಿ ಅಗಲುವಾಗ ಆಕೆ ವಸತಿಗೃಹದ ಕಿಟಕಿಯ ಗಾಜಿನ ಮೇಲೆ ವಜ್ರದ ಮೊನೆಯಿಂದ ‘ಹೆನ್ರಿಯೆಟ್‌ಳನ್ನೂ ನೀನು ಮರೆಯುವೆ’ ಎಂದು ಗೀಚಿದ್ದಳು. ಅಷ್ಟನ್ನು ಇಡೀ ಬದುಕಿನ ಎಳೆಯಾಗಿ ಹಿಗ್ಗಿಸಿದ್ದಾರೆ. ನನಗದು ತಪ್ಪೆನಿಸಲಿಲ್ಲ. ಬೊಹೀಮಿಯಾದ ಡಕ್ಸ್ ಕೋಟೆಯಲ್ಲಿ ಗ್ರಂಥಪಾಲಕನಾಗಿ ಕೊನೆಗಾಲ ಕಳೆಯುವ ಮುದಿ ಕ್ಯಾಸನೋವಾನನ್ನು ನಟ ಪೀಟರ್ ಓಟೂಲ್ ಕಣ್ಣಿಗೆ ಕಟ್ಟುವಂತೆ ತೋರಿಸುತ್ತಾರೆ. ಆ ನೆನಪುಗಳಿಗೆ ಒಂದು ಆಸರೆ ಬೇಕೇ ಬೇಕು.

ಇರುವುದು ಮೂರೇ ಕಂತು, ತಪ್ಪದೆ ನೋಡಿ. ಅದೇ ವರ್ಷ ಇದೇ ಹೆಸರಿನಲ್ಲಿ ಹೀತ್ ಲೆಜರ್ ನಟಿಸಿದ ಚಲನಚಿತ್ರವೂ ಬಂದಿತ್ತು, ಆದ್ದರಿಂದ ಹುಡುಕುವಾಗ ಧಾರಾವಾಹಿಯ ನಾಯಕನಟ ಡೇವಿಡ್ ಟೆನಂಟ್ ಹೆಸರನ್ನೂ ಸೇರಿಸಿ.