ಸೋಡಿಯಂ ದಾನಶೂರನಲ್ಲ

ಮಾನ್ಯರೇ,

ಧನ ಮತ್ತು ಋಣ ಅಯಾನುಗಳ (ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳ) ವ್ಯತ್ಯಾಸವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಓದಿದೆ. ಭಾಷೆ ಸರಾಗವಾಗಿದೆ, ಆದರೆ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು.

ಸೋಡಿಯಂ ಪರಮಾಣು ‘ಒಂದು ಧನ ಆವೇಶವನ್ನು ಪಡೆದು’ ಅಯಾನಾಗುತ್ತದೆ ಎಂದು ಬರೆದಿದ್ದೀರಿ. ಅದು ಏನನ್ನೂ ಪಡೆಯುವುದಿಲ್ಲ. ಅದರ ನ್ಯೂಕ್ಲಿಯಸ್ಸಿನಲ್ಲಿ ಮೊದಲೂ 11 ಪ್ರೋಟಾನುಗಳಿದ್ದವು, ಆಮೇಲೂ ಅಷ್ಟೇ ಇರುತ್ತವೆ. ಎಲೆಕ್ಟ್ರಾನುಗಳು 11ರಿಂದ 10ಕ್ಕೆ ಇಳಿದದ್ದರಿಂದ ಒಂದು ಧನ ಆವೇಶ ಸರಿದೂಗದೆ ಉಳಿಯುತ್ತದೆ. ಕ್ಲೋರಿನ್ ಒಂದು ಎಲೆಕ್ಟ್ರಾನನ್ನು ಪಡೆದು ಋಣ ಅಯಾನಾಗುತ್ತದೆ ಎಂದು ನೀವು ಸರಿಯಾಗಿಯೇ ಬರೆದಿದ್ದೀರಿ.

ಇದನ್ನು ಒಂದು ಸಾಲಿನಲ್ಲಿ ತಿದ್ದಬಹುದು. ಹಾಗೆ ತಿದ್ದಲಾಗದ್ದು ಇಡೀ ಲೇಖನವನ್ನು ಹೊತ್ತಿರುವ ದಾನಿ-ಯಾಚಕರ ರೂಪಕ. ಸೋಡಿಯಂ ಉದಾರವಾಗಿ ಎಲೆಕ್ಟ್ರಾನನ್ನು ಕೊಡುತ್ತದೆ, ಕ್ಲೋರಿನ್ ಕೈಚಾಚಿ ಪಡೆಯುತ್ತದೆ ಎನ್ನುವುದು ಕೇಳಲು ಚೆನ್ನ (ಎಷ್ಟೋ ಮೇಷ್ಟ್ರುಗಳೂ ಹೀಗೆಯೇ ಹೇಳುತ್ತಾರೆ). ಆದರೆ ಅನಿಲಸ್ಥಿತಿಯಲ್ಲಿರುವ ಒಂದು ಮೋಲ್ (ಪರಮಾಣುಗಳನ್ನು ಎಣಿಸಲು ಬಳಸುವ ಒಂದು ನಿಶ್ಚಿತ ದೊಡ್ಡ ಸಂಖ್ಯೆ) ಸೋಡಿಯಂ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನನ್ನು ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ತೆರಬೇಕು; ಅಷ್ಟೇ ಕ್ಲೋರಿನ್ ಪರಮಾಣುಗಳು ಅವನ್ನು ಸೇರಿಸಿಕೊಂಡಾಗ ಮರಳಿ ಸಿಗುವುದು ಸುಮಾರು 349 ಮಾತ್ರ. ಲೆಕ್ಕ ನಷ್ಟದ್ದೇ. ಆ ನಷ್ಟ ತುಂಬಿ ಮಿಗುವಷ್ಟು ಶಕ್ತಿ, ಅಂದರೆ ಮೋಲ್‌ಗೆ ಸುಮಾರು 787 ಕಿಲೋಜೂಲ್, ಹೊಮ್ಮುವುದು ವಿರುದ್ಧ ಆವೇಶದ ಈ ಅಯಾನುಗಳು ಒಂದನ್ನೊಂದು ಸೆಳೆದು ಉಪ್ಪಿನ ಹರಳಾಗಿ ಜೋಡಣೆಗೊಂಡಾಗ. ಹರಳನ್ನು ಕೈಬಿಟ್ಟು ಬರೀ ಎರಡು ಪರಮಾಣುಗಳ ಕಥೆ ಹೇಳಹೊರಟಿದ್ದರಿಂದಲೇ ನಿಮಗೆ ಔದಾರ್ಯದ ನೆರವು ಬೇಕಾಯಿತು.

ಚಿಹ್ನೆಯೊಂದನ್ನು ಬಿಟ್ಟರೆ ಎರಡು ಬಗೆಯ ಅಯಾನುಗಳೂ ‘ಒಂದೇ ತೆರನಾದವು’ ಎಂಬ ನಿಮ್ಮ ಕೊನೆಯ ಮಾತನ್ನಂತೂ ಒಪ್ಪಲಾರೆ. ಸೋಡಿಯಂ ಅಯಾನಿನಲ್ಲೂ ಫ್ಲೋರಿನ್ನಿನ ಋಣ ಅಯಾನಾದ ಫ್ಲೋರೈಡ್‌ನಲ್ಲೂ ಇರುವುದು 10 ಎಲೆಕ್ಟ್ರಾನುಗಳೇ. ಆದರೂ ಮೊದಲನೆಯದರ ತ್ರಿಜ್ಯ ಸುಮಾರು 102 ಪಿಕೋಮೀಟರ್, ಎರಡನೆಯದರದು ಸುಮಾರು 133. ಅಷ್ಟೇ ಎಲೆಕ್ಟ್ರಾನುಗಳನ್ನು ಒಂದೆಡೆ 11 ಪ್ರೋಟಾನುಗಳು ಬಿಗಿಯಾಗಿ ಎಳೆದಿಟ್ಟುಕೊಂಡಿವೆ, ಇನ್ನೊಂದೆಡೆ ಆ ಕೆಲಸಕ್ಕಿರುವುದು 9 ಮಾತ್ರ. ಪರಮಾಣು ಧನ ಅಯಾನಾದಾಗ ಕುಗ್ಗುವುದೂ ಋಣ ಅಯಾನಾದಾಗ ಹಿಗ್ಗುವುದೂ ಏಕೆಂದು ಓದುಗನಿಗೆ ಇದೊಂದೇ ಜೋಡಿಯಿಂದ ಮನವರಿಕೆ ಮಾಡಿಕೊಡಬಹುದಿತ್ತು. ಲೇಖನವನ್ನು ಇಲ್ಲಿಂದಲೇ ಆರಂಭಿಸಿ.

ವಿಜ್ಞಾನಿ ಮೈಕೆಲ್ ಫ್ಯಾರಡೆ 1834ರಲ್ಲಿ ಅಯಾನು, ಧನ ಅಯಾನು (ಕ್ಯಾಟಯಾನ್), ಋಣ ಅಯಾನು (ಆನಯಾನ್) ಎಂಬ ಹೆಸರುಗಳನ್ನು ಬಳಕೆಗೆ ತಂದದ್ದಕ್ಕೆ ಎರಡು ಸಾಲು ಸಾಕು, ಒಂದು ಪುಟ ಬೇಡ. ವಿದ್ಯುದ್ವಿಭಜನೆಯ (ವಿದ್ಯುತ್ ಹರಿಸಿ ವಸ್ತುವನ್ನು ಒಡೆಯುವುದರ) ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಹೊಸದಾಗಿ ಬರೆದು ಕಳುಹಿಸಿದರೆ ಖಂಡಿತ ಓದುತ್ತೇನೆ.

ಸಂಪಾದಕ