ಅಧ್ಯಕ್ಷರು ರೂಲಿಂಗ್ ಕೊಟ್ಟರೆ ಅಲ್ಲಿಗೆ ಮುಗೀತಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ನಿವ್ವಳ ಲಾಭ ವಿಲೇವಾರಿಯ ಠರಾವಿಗೆ ನಾನೊಂದು ತಿದ್ದುಪಡಿ ಹೇಳಿದೆ. ಅಧ್ಯಕ್ಷರು ‘ಇದು ವಿಷಯಪಟ್ಟಿಯಲ್ಲಿಲ್ಲ’ ಎಂದು ತಳ್ಳಿಹಾಕಿದರು. ಮತ್ತೆ ಎದ್ದರೆ ‘ವಿಧಾನಸಭೆಯಲ್ಲೂ ಸ್ಪೀಕರ್ ಹೇಳಿದ್ದೇ ಕೊನೆ, ಕೂತ್ಕೊಳ್ಳಿ’ ಅಂದರು. ಇದು ಸರಿಯಾ?

ಉತ್ತರ: ವಿಧಾನಸಭೆಯ ಮಾತು ಬಹುಮಟ್ಟಿಗೆ ಸರಿ. ಅದನ್ನು ನಿಮ್ಮ ಸಂಘಕ್ಕೆ ತಂದು ಹಚ್ಚಿದ್ದು ತಪ್ಪು.

ಸದನದಲ್ಲಿ ಕ್ರಿಯಾಲೋಪ, ಅಂದರೆ ನಿಯಮ ತಪ್ಪಿದೆ ಎಂಬ ಆಕ್ಷೇಪ, ಎತ್ತಿದ ಮೇಲೆ ಸಭಾಧ್ಯಕ್ಷರು (ಸ್ಪೀಕರ್) ಕೊಡುವ ರೂಲಿಂಗ್‌ಗೆ, ಅಂದರೆ ತೀರ್ಮಾನಕ್ಕೆ, ಅಲ್ಲಿ ಮೇಲ್ಮನವಿ ಇಲ್ಲ. ಕಲಾಪದ ಕ್ರಮ ತಪ್ಪಿದೆ ಅಂತಷ್ಟೇ ಹೇಳಿಕೊಂಡು ಕೋರ್ಟಿಗೆ ಹೋದರೆ ಸಂವಿಧಾನದ 212ನೇ ವಿಧಿ ಅಡ್ಡ ಬರುತ್ತದೆ. ಸಭಾಧ್ಯಕ್ಷರ ಮೇಲೇ ನಂಬಿಕೆ ಹೋದರೆ ನಿರ್ಣಯ ತಂದು ಅವರನ್ನು ತೆಗೆಯಲು 179ನೇ ವಿಧಿ ಇದೆ: 14 ದಿನ ಮೊದಲು ನೋಟಿಸ್ ಕೊಡಬೇಕು, ಆಗ ಸದನದಲ್ಲಿರುವ ಒಟ್ಟು ಸದಸ್ಯರ ಬಹುಮತ ಬೇಕು. ಆ ನಿರ್ಣಯ ಚರ್ಚೆಗೆ ಬಂದಾಗ ಅವರು ಪೀಠದಲ್ಲಿ ಕೂರುವಂತಿಲ್ಲ, ಕೆಳಗೆ ಕೂತು ಮಾತಾಡಬಹುದು, ಓಟೂ ಹಾಕಬಹುದು, ಆದರೆ ಸಮ ಬಂದಾಗಿನ ನಿರ್ಣಾಯಕ ಮತ ಇರುವುದಿಲ್ಲ. ನನಗಂತೂ ಇದು ತುಂಬ ನ್ಯಾಯವಾದ ಏರ್ಪಾಡು ಅನಿಸುತ್ತದೆ. 1954ರಲ್ಲಿ ಲೋಕಸಭೆಯಲ್ಲಿ ಆಗಿನ ಸ್ಪೀಕರ್ ಮಾವಳಂಕರ್ ವಿರುದ್ಧ ಇಂಥ ನಿರ್ಣಯ ಬಂದಿತ್ತು, ಗೆಲ್ಲಲಿಲ್ಲ.

ಪಕ್ಷಾಂತರ ಮಾಡಿದ ಶಾಸಕರ ಅನರ್ಹತೆ ಬಗ್ಗೆ ಸಭಾಧ್ಯಕ್ಷರು ಕೊಡುವ ತೀರ್ಪಿನ ಕತೆ ಬೇರೆ. ಅಲ್ಲಿ ಸಭಾಧ್ಯಕ್ಷರು ನ್ಯಾಯಮಂಡಳಿ ಥರ ಕೆಲಸ ಮಾಡುತ್ತಾರೆ, ಹಾಗಾಗಿ ಕೋರ್ಟ್ ಪರಿಶೀಲಿಸಬಹುದು ಎಂದು 1992ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಜಿಲ್ಲೆಯವರಿಗೆ ನೆನಪಿರಬೇಕಲ್ವಾ? 2019ರಲ್ಲಿ ಅನರ್ಹರಾದ 17 ಶಾಸಕರಲ್ಲಿ ಯಲ್ಲಾಪುರದ ಶಿವರಾಮ ಹೆಬ್ಬಾರರೂ ಇದ್ದರು. ಕೋರ್ಟ್ ಅನರ್ಹತೆ ಉಳಿಸಿತು, ಆದರೆ 2023ರವರೆಗೆ ಚುನಾವಣೆಗೆ ನಿಲ್ಲಬಾರದೆಂಬ ಭಾಗವನ್ನು ತೆಗೆದುಹಾಕಿತು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಅವರೇ ಗೆದ್ದರು.

ಈಗ ನಿಮ್ಮ ವಿಷಯ. 212ನೇ ವಿಧಿಯ ರಕ್ಷಣೆ ಶಾಸನಸಭೆಗೆ ಮಾತ್ರ, ಸಂಘದ ಅಧ್ಯಕ್ಷರಿಗೆ ಇಲ್ಲ. ಅವರ ಅಧಿಕಾರ ಕಾಯ್ದೆ ಮತ್ತು ಬೈಲಾದಲ್ಲಿ (ಸಂಘದ ಸ್ವಂತ ನಿಯಮಾವಳಿಯಲ್ಲಿ) ಬರೆದಷ್ಟೇ. ಮೊದಲು ಬೈಲಾ ತರಿಸಿ ಓದಿ. ಲಾಭ ವಿಲೇವಾರಿ ವಿಷಯಪಟ್ಟಿಯಲ್ಲಿ ಇತ್ತು ಅಂದಮೇಲೆ ಅದೇ ಠರಾವಿನ ತಿದ್ದುಪಡಿ ಹೊಸ ವಿಷಯ ಹೇಗಾಗುತ್ತದೆ? ಈ ಮಾತನ್ನು ‘ಯಾವ ಬೈಲಾ ಪ್ರಕಾರ’ ಎಂದು ಅಲ್ಲೇ, ಮುಂದಿನ ವಿಷಯ ತಗೊಳ್ಳುವ ಮೊದಲೇ ಕೇಳಬೇಕಿತ್ತು, ಆಕ್ಷೇಪವನ್ನು ನಡಾವಳಿಯಲ್ಲಿ ಬರೆಸಬೇಕಿತ್ತು. ಮನೆಗೆ ಬಂದು ಸುಮ್ನೆ ಬೇಜಾರು ಮಾಡಿಕೊಂಡರೆ ದಾಖಲೆ ಉಳಿಯುವುದಿಲ್ಲ.

ಈಗಲೂ ದಾರಿ ಇದೆ. ನಡಾವಳಿಯ ಪ್ರತಿ ಕೊಡಿ ಎಂದು ಬರವಣಿಗೆಯಲ್ಲಿ ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ. ನಿಮ್ಮ ತಿದ್ದುಪಡಿಯ ಸುದ್ದಿಯೇ ಅದರಲ್ಲಿ ಇಲ್ಲದಿದ್ದರೆ ಅದನ್ನೂ ಬರೆದು ಕೊಡಿ. ಸರಿಹೋಗದಿದ್ದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ವಿವಾದವನ್ನು ಸಹಕಾರ ಇಲಾಖೆಯ ನಿಬಂಧಕರ ಮುಂದೆ ಒಯ್ಯಬಹುದು. ಹೋಗುವಾಗ ಅವತ್ತು ಸಭೆಯಲ್ಲಿದ್ದ ಇಬ್ಬರು ಸದಸ್ಯರ ಸಹಿಯೂ ಇರಲಿ.